ಒಳಗೆ ಮಲಗಿದ್ದ ಅವ್ವ

ಡಿಸೆಂಬರಿನಲ್ಲಿ ಸೊಗಡವರೆ ಸುಲಿದ ಕೈ ಮೂಸಿಕೊಂಡಾಗಲೆಲ್ಲ ಗುಡೇಮಾರನಹಳ್ಳಿಯ ಆ ಮಧ್ಯಾಹ್ನ ನೆನಪಾಗುತ್ತದೆ. ಅವತ್ತು ತಾನು ಬಂದೇ ಇದ್ದೆ ಎಂದು ಅವ್ವ ಈಗಲೂ ಹೇಳುತ್ತಾಳೆ. ನನ್ನ ನೆನಪು ಬೇರೆಯೇ ಹೇಳುತ್ತದೆ; ಸಾಕ್ಷಿಯಿಲ್ಲದೆ ಏನನ್ನೂ ನಂಬದ ನನಗೆ ಯಾವುದು ನಿಜವೆಂದು ಗೊತ್ತಿಲ್ಲ.

ಕ್ರಿಸ್‌ಮಸ್ ರಜೆಗೆ ನನ್ನನ್ನು ಅಜ್ಜಿಯ ಮನೆಗೆ ಕಳಿಸಿದ್ದ ಅವ್ವ ಆ ಭಾನುವಾರ ಬರಬೇಕಿತ್ತು. ಮಗಳು ತವರಿಗೆ ಬಂದ ದಿನ ಹಿತಕಿದ ಬೇಳೆಯ ಸಾರು ಆಗಲೇಬೇಕೆಂದು ಅಜ್ಜಿ ಹಿಂದಿನ ದಿನವೇ ದೊಡ್ಡ ಪಾತ್ರೆ ತುಂಬ ಅವರೆಕಾಳು ನೆನೆಹಾಕಿದ್ದಳು. ಇಬ್ಬರೂ ಜಗಲಿಯಲ್ಲಿ ಕೂತು ಹಿತುಕತೊಡಗಿದೆವು. ಒತ್ತಿದರೆ ಸಾಕು, ನುಣುಪಾದ ಬೇಳೆ ಸಿಪ್ಪೆಯಿಂದ ಪುಳಕ್ಕನೆ ಹಾರುತ್ತಿತ್ತು. ಮಾಗಡಿಯ ಬಸ್ಸು ಬಂತು, ಹೋಯಿತು. ಅವ್ವ ಇಳಿಯಲಿಲ್ಲ.

"ಸುಮ್ನೆ ಹಿತುಕ್ಲಾ," ಎಂದಳು ಅಜ್ಜಿ.

ಪಕ್ಕದ ಮನೆಯ ಪುಟ್ಟಮ್ಮ ಇಣುಕಿದಳು. "ಏನಕ್ಕಾ, ಇಷ್ಟೊಂದು ಹಿತುಕ್ಬುಟ್ಟಿದ್ದೀಯ! ಮಗಳು ಬಂದವ್ಳಾ? ದೀಪಾವಳಿಗೂ ಬರ್ನಿಲ್ವಲ್ಲಾ?"

ಅಜ್ಜಿಯ ಬೆರಳುಗಳು ನಿಂತವು.

"ಬಂದವ್ಳೆ, ಒಳಗೆ ಮನಗವ್ಳೆ," ಎಂದೆ ನಾನು.

ಸುಳ್ಳಿಗೆ ಅಜ್ಜಿ ಬೈಯುತ್ತಾಳೆಂದುಕೊಂಡೆ. ಅವಳು ತಲೆಯೆತ್ತದೆ, "ಊಂ ಕಣವ್ವ, ಬಸ್ಸಲ್ಲಿ ನಿಂತ್ಕಂಡೇ ಬಂದ್ಲಂತೆ. ಸುಸ್ತಾಗ್ಬುಟ್ಟವ್ಳೆ," ಎಂದಳು.

"ಹಂಗಾರೆ ಎಬ್ಬಿಸ್ಬ್ಯಾಡ ಬುಡು. ಒಸಿ ಸಾರು ನಮಗೂ ಕಳ್ಸು," ಎಂದು ಪುಟ್ಟಮ್ಮ ದನಿ ತಗ್ಗಿಸಿ, ಸದ್ದಾಗದಂತೆ ಹೆಜ್ಜೆಯಿಟ್ಟು ಹೋದಳು.

ಅಜ್ಜಿ ಎದ್ದು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದಳು. ಉಳಿದ ಕಾಳೆಲ್ಲ ಮುಗಿಯುವವರೆಗೂ ನಾವಿಬ್ಬರೂ ಪಿಸುದನಿಯಲ್ಲೇ ಮಾತಾಡಿದೆವು.