ಕಾರಿನೊಳಗೆ ಮೊಟ್ಟೆ ವಾಸನೆ

"ಮೊಟ್ಟೆ ವಾಸನೆ!"

ಕಾರಿನ ಬಾಗಿಲು ತೆಗೆದ ಕೂಡಲೇ ಶ್ರೀಕಂಠಯ್ಯ ಮೂಗು ಮುಚ್ಚಿಕೊಂಡರು. ಬೆಳ್ಳುಳ್ಳಿಯನ್ನೂ ಒಳಗೆ ಬಿಡದ ಮನೆ ಅವರದು. ಸೊಸೆಯ ಕಡೆ ತಿರುಗಿ, "ಪೂರ್ಣಿಮಾ, ಇದು ನಿನ್ನದೇ ಕೆಲಸ ತಾನೇ?" ಎಂದರು.

"ನನ್ನಾಣೆ ಮಾವ, ನಾನಲ್ಲ."

ಅತ್ತೆ ಸಾವಿತ್ರಮ್ಮ ಭಜನೆ ಪುಸ್ತಕ ಹಿಡಿದು ಹಿಂದಿನ ಸೀಟಿನಲ್ಲಿ ಕೂತರು.

ಪೂರ್ಣಿಮಾಗೆ ಅಳುವೇ ಬಂತು. ಕಾರು ಏರಿನಲ್ಲಿ ತಿಣುಕುವುದನ್ನೂ ಅವಳು ಗಮನಿಸಿದ್ದಳು. ಮಾರನೆಯ ದಿನ ಮಾವನನ್ನೂ ಕೂರಿಸಿಕೊಂಡು ಮೆಕ್ಯಾನಿಕ್ ಅನ್ವರ್ ಬಳಿಗೆ ಹೋದಳು.

ಅನ್ವರ್ ಇಂಜಿನ್ ಚಾಲೂ ಮಾಡಿಸಿ, ಹೊಗೆ ಮೂಸಿ ನೋಡಿದ.

"ಕ್ಯಾಟಲಿಟಿಕ್ ಕನ್ವರ್ಟರ್ ಸಾರ್. ಹೊಗೆ ಶುದ್ಧ ಮಾಡೋ ಡಬ್ಬ. ಅದು ಕೆಡ್ತಾ ಬಂದ್ರೆ ಹೀಗೇ ಮೊಟ್ಟೆ ವಾಸನೆ."

"ಹೊಸದೇ ಹಾಕಿಸಬೇಕಾ?" ಎಂದಳು ಪೂರ್ಣಿಮಾ ಗಾಬರಿಯಿಂದ. ಅದರ ಬೆಲೆ ಹತ್ತಾರು ಸಾವಿರ ಎಂದು ಅವಳು ಕೇಳಿದ್ದಳು.

ಅನ್ವರ್ ಬಾನೆಟ್ ಎತ್ತಿ ಪರೀಕ್ಷಿಸಿದ. "ಬೇಡ ಮೇಡಂ. ಒಂದು ಸ್ಪಾರ್ಕ್ ಪ್ಲಗ್ ಹೋಗಿದೆ, ಉರಿಯದ ಪೆಟ್ರೋಲು ಡಬ್ಬಕ್ಕೆ ನುಗ್ತಾ ಇದೆ. ಪ್ಲಗ್ ಬದಲಾಯಿಸಿ ಕ್ಲೀನ್ ಮಾಡಿದ್ರೆ ಡಬ್ಬ ಉಳ್ಕೊಳುತ್ತೆ."

ಸಂಜೆಗೆ ವಾಸನೆ ಮಾಯವಾಗಿತ್ತು, ಕಾರು ಏರನ್ನು ಸಲೀಸಾಗಿ ಹತ್ತಿತು. ಶ್ರೀಕಂಠಯ್ಯ ದಾರಿಯಲ್ಲಿ ಕಾರು ನಿಲ್ಲಿಸಲು ಹೇಳಿ, ಮೈಸೂರುಪಾಕು ತಂದು ಸೊಸೆಯ ಕೈಗಿಟ್ಟರು.

"ತಪ್ಪು ತಿಳ್ಕೊಂಡ್ನಮ್ಮ."

ಮನೆಗೆ ಬಂದವಳೇ ಪೂರ್ಣಿಮಾ ಸಂಭ್ರಮದಿಂದ ಅತ್ತೆಗೆ ಎಲ್ಲವನ್ನೂ ಹೇಳಿದಳು. ಸಾವಿತ್ರಮ್ಮ ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ದನಿ ತಗ್ಗಿಸಿದರು.

"ಯಾಕೆ ರಿಪೇರಿ ಮಾಡಿಸ್ದೆ? ಇನ್ಮೇಲೆ ಭಜನೆ ಮುಗಿಸಿ ಬರೋವಾಗ ನಾನು ಕಾರಲ್ಲಿ ಆಮ್ಲೆಟ್ ತಿಂದ್ರೆ ನಿಮ್ಮ ಮಾವನಿಗೆ ಗೊತ್ತಾಗೋಲ್ವೇನೆ?"