ಬಾವಿ ನೋಡಲು ಬಂದವರು

ತೆರೆದ ಕಲ್ಲಿದ್ದಲು ಗಣಿಯ ಸುತ್ತಲಿನ ಬಾವಿಗಳಲ್ಲಿ ನೀರು ಎಷ್ಟು ಇಳಿಯಿತು, ಎಷ್ಟು ಕೆಟ್ಟಿತು ಎಂದು ತಿಂಗಳಿಗೊಮ್ಮೆ ಅಳೆಯುವುದು ಸುಭದ್ರೆಯ ಕೆಲಸ. ಆ ದಿನ ಹಿತ್ತಲ ಬಾವಿಗೆ ಅವಳು ಟೇಪು ಇಳಿಬಿಡುವ ಮೊದಲೇ ಮನೆಯೊಡತಿ ಈರಮ್ಮ ಅವಳ ಕೈ ಹಿಡಿದುಕೊಂಡಳು.

"ಮಗನ್ನ ನೋಡಾಕ ಹೆಣ್ಣಿನೋರು ಬಂದಾರವ್ವ. ಮೂರು ಸಂಬಂಧ ಈ ನೀರಿನಿಂದನ ಮುರದಾವು. ಕೇಳಿದ್ರ ಬೇಕಾದಷ್ಟು ಐತಿ ಅಂದುಬಿಡು."

ಆರು ವರ್ಷ ಆ ಮನೆಯ ಚಹಾ ಕುಡಿದಿದ್ದ ಸುಭದ್ರೆ ಕೈ ಬಿಡಿಸಿಕೊಂಡು ಟೇಪು ಇಳಿಸಿದಳು. ಅಷ್ಟರಲ್ಲಿ ಹೆಣ್ಣಿನ ತಂದೆ ಹುಡುಗನನ್ನು ಪಡಸಾಲೆಯಲ್ಲೇ ಬಿಟ್ಟು ಬಾವಿಕಟ್ಟೆಗೆ ಬಂದರು.

"ನೀರು ಎಷ್ಟೈತಿ ತಂಗಿ?"

ಈರಮ್ಮನ ಮುಖ ನೋಡಿದರೆ ಸುಳ್ಳೇ ಬಾಯಿಗೆ ಬರುತ್ತಿತ್ತು. ಸುಭದ್ರೆ ಟೇಪನ್ನೇ ನೋಡಿದಳು.

"ಎಂಟು ಅಡಿ ಉಳದೈತ್ರಿ. ವರ್ಷಕ್ಕ ನಾಲ್ಕು ಅಡಿ ಇಳೀತೈತಿ. ಇನ್ನ ಎರಡು ವರ್ಷ, ಅಷ್ಟ."

"ರುಚಿ?"

"ಗಡಸು ನೀರ್ರಿ. ಕುಡೀಬಹುದು, ಆದ್ರ ಬ್ಯಾಳಿ ಲಗೂನ ಬೇಯಂಗಿಲ್ಲ."

ಈರಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಣ್ಣಿನ ತಂದೆ ಬಾವಿಗೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟವರಂತೆ ಒಳಗಿದ್ದ ಹೆಂಡತಿಯನ್ನು ಕೂಗಿದರು. ನಾಲ್ಕನೆಯ ಸಂಬಂಧವನ್ನು ತಾನೇ ಮುರಿದೆ ಎಂದು ಸುಭದ್ರೆ ತಲೆ ತಗ್ಗಿಸಿ ಅಂಕಿ ಬರೆದುಕೊಂಡಳು.

"ಬಾ ಇಲ್ಲೆ," ಎಂದರು ಅವರು, ಹೆಂಡತಿ ಬಾಗಿಲಿಗೆ ಬಂದದ್ದೇ ತಡ. "ಗಣಿ ಆಚೀ ಕಡೆ ನಮ್ಮ ಬಾವಿ ಬತ್ತಿ ನಾಲ್ಕು ವರ್ಷ ಆತು. ಇಲ್ಲೆ ಇನ್ನ ಎರಡು ವರ್ಷ ನೀರೈತಂತ, ಮಗಳನ್ನ ಕೊಡೂನು!"