ಯಾರೂ ಇಲ್ಲದ ಫೋಟೊ

ಮಾಗಿದ ಸೀತಾಫಲದ ವಾಸನೆ ಬಂದರೆ ಸಾಕು, ಸಿಂಧನೂರಿನ ಆ ಫೋಟೊ ಸ್ಟುಡಿಯೊ ಈಗಲೂ ಕಣ್ಣ ಮುಂದೆ ಬರುತ್ತದೆ.

ದಸರೆ ರಜೆಯಲ್ಲಿ ಸೋದರತ್ತೆ ನನ್ನನ್ನು ಮಸ್ಕಿ ಗುಡ್ಡಕ್ಕೆ ಕರೆದೊಯ್ದು, ತನ್ನ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದ್ದಳು. ಬಂಡೆಯ ಕುಳಿಯಲ್ಲಿ ನಿಂತ ಮಳೆನೀರು, ಅದರ ದಂಡೆಗೆ ಕೂತ ಕೆಂಪು ಏರೋಪ್ಲೇನ್ ಚಿಟ್ಟೆ, ಹಳದಿ ತಂಗಡಿ ಹೂವು, ಎಲ್ಲವನ್ನೂ ಬಿಸಿ ಕಲ್ಲಿನ ಮೇಲೆ ಬೋರಲು ಮಲಗಿ ತೆಗೆದಿದ್ದೆ. ಗುಡ್ಡದಿಂದ ಕಿತ್ತು ತಂದ ಸೀತಾಫಲ ಅಕ್ಕಿ ಚೀಲದಲ್ಲಿ ಮಾಗಿದ ಹೊತ್ತಿಗೆ, ಸ್ಟುಡಿಯೊದಲ್ಲಿ ತೊಳೆಯಲು ಕೊಟ್ಟಿದ್ದ ರೀಲಿನ ಫೋಟೊ ತರಲು ಒಂದು ಮಧ್ಯಾಹ್ನ ಹೋದೆವು.

ಸ್ಟುಡಿಯೊದವನು ಅತ್ತೆ ನಿಂತಿದ್ದ ಒಂದೇ ಒಂದು ಫೋಟೊ ಕೊಟ್ಟ.

"ಉಳದದ್ದು?" ಎಂದಳು ಅತ್ತೆ.

"ಅದ್ರಾಗ ಯಾರೂ ಇಲ್ಲರೀ ಅಕ್ಕಾರ. ಬರೇ ಕಲ್ಲು, ಗಿಡ. ರೀಲ್ ನೋಡೇ ಬಿಟ್ಟೀನಿ, ಅದಕ್ಕ ಪ್ರಿಂಟ್ ತೊಳದಿಲ್ಲ. ಹುಡುಗಿ ಕೈಯಾಗ ಕ್ಯಾಮೆರಾ ಕೊಟ್ರ ಹಿಂಗಾ ಆಗೂದು."

"ನಾ ಇದ್ದೆನಲ್ರೀ!" ಎಂದೆ. "ಎಲ್ಲಾದ್ರಾಗೂ ನಾನಾ ಇದ್ದೆ. ತೊಳದು ಕೊಡ್ರಿ."

ಅವನು ನಕ್ಕು ಅತ್ತೆಯ ಮುಖ ನೋಡಿದ. ಅತ್ತೆ ನಗಲಿಲ್ಲ. ಬೆಂಚಿನ ಮೇಲೆ ಕೂತು, ಕೈಚೀಲದಿಂದ ಒಂದು ಸೀತಾಫಲ ತೆಗೆದು ಒಡೆದು, ಅರ್ಧ ನನಗೆ ಕೊಟ್ಟಳು.

"ತಿನ್ನವ್ವ. ಇವ್ರು ತೊಳದು ಕೊಡೋತನಕ ಇಲ್ಲೇ ಕುಂದ್ರೂಣು."

ನಾನು ಒಂದೊಂದೇ ಬೀಜವನ್ನು ಅವನ ಗಾಜಿನ ಮೇಜಿನ ಮೇಲೆಯೇ ಉಗಿದೆ. ಅತ್ತೆ ಬೈಯಲಿಲ್ಲ.